ಅತ್ತೆಯ ಗೆಳತಿಗೆ ಬಂದ ಗಂಟು

ಬೆಳಗ್ಗೆ ಒಂಬತ್ತು ಗಂಟೆಗೆ ಆರೋಗ್ಯ ಕೇಂದ್ರದ ಬಾಗಿಲು ತೆಗೆದ ಸಿಸ್ಟರ್ ಹೊರಗೆ ನೋಡಿ ದಂಗಾದರು. ಸಾಲು ಎದುರಿನ ಬಸ್ ನಿಲ್ದಾಣದ ಗೇಟಿನವರೆಗೂ ಬೆಳೆದಿತ್ತು. ಎಣಿಸಿದರು. ಮೂವತ್ತೇಳು ಜನ. ಮೂವತ್ತೇಳೂ ಗಂಡಸರು.

"ನೀವೆಲ್ಲ ಯಾಕೆ ಬಂದಿದ್ದೀರಿ?"

"ಎದೆ ತಪಾಸಣೆಗೆ," ಎಂದ ಮುಂದೆ ನಿಂತಿದ್ದ ಡ್ರೈವರ್. ಜೋರಾಗಿ ಕೆಮ್ಮಿ ತೋರಿಸಿದ. ಅಂಗಿಯ ಮೂರು ಗುಂಡಿ ಆಗಲೇ ಬಿಚ್ಚಿಕೊಂಡಿದ್ದ. "ಮೈಕಲ್ಲಿ ಕೂಗಿದ್ರಲ್ಲ, ಎದೆ ತಪಾಸಣೆ, ಎಲ್ಲರೂ ಬನ್ನಿ ಅಂತ."

"ಅಯ್ಯೋ ದೇವರೇ! ಅದು ಹೆಂಗಸರಿಗೆ!"

"ಯಾಕೆ ಸಿಸ್ಟರ್, ನಮಗೆ ಎದೆ ಇಲ್ವಾ?"

ಸಾಲಿನಲ್ಲಿದ್ದವರೆಲ್ಲ ಹೌದೌದು ಎಂದರು. ಸಾಲಿನ ಕೊನೆಯಲ್ಲಿ ಬಸ್ ಮೆಕ್ಯಾನಿಕ್ ನಿಂತಿದ್ದ. ಅವನಂತೂ ಅಂಗಿಯನ್ನೇ ಕಳಚಿ ಹೆಗಲ ಮೇಲೆ ಹಾಕಿಕೊಂಡು ತಯಾರಾಗಿದ್ದ. ಮೈಕಿನಲ್ಲಿ ಕೂಗಿದವಳ ಗಂಡನೇ ಅವನು!

ಕೂಗಿದವಳನ್ನು ಊರಿನವರೆಲ್ಲ ಮೈಕಮ್ಮ ಎಂದೇ ಕರೆಯುತ್ತಿದ್ದರು. ಬಸ್ ನಿಲ್ದಾಣದ ಮೂಲೆಯ ಗಾಜಿನ ಕೋಣೆಯಲ್ಲಿ ಕುಳಿತು, ಯಾವ ಬಸ್ಸು ಎಲ್ಲಿಗೆ ಹೊರಡುತ್ತದೆ, ಯಾರ ಮಗು ತಪ್ಪಿಸಿಕೊಂಡಿದೆ, ಯಾರ ಛತ್ರಿ ಸಿಕ್ಕಿದೆ ಎಂದು ಹನ್ನೆರಡು ವರ್ಷದಿಂದ ಕೂಗುತ್ತಿದ್ದಳು. ನಾಲಿಗೆ ತಿರುಗದಂಥ ಊರಿನ ಹೆಸರುಗಳೂ ಅವಳ ಬಾಯಲ್ಲಿ ನೀರು ಕುಡಿದ ಹಾಗೆ ಬರುತ್ತಿದ್ದವು. ಆದರೆ ಹಿಂದಿನ ದಿನ ಸಿಸ್ಟರ್ ಬಂದು, "ಅಕ್ಕಾ, ನಾಳೆ ಸ್ತನ ಕ್ಯಾನ್ಸರ್ ತಪಾಸಣೆ ಇದೆ. ಹೆಂಗಸರಿಗೆ ತಿಳಿಯೋ ಹಾಗೆ ಒಂದು ಮಾತು ಹೇಳ್ತೀರಾ?" ಎಂದು ಚೀಟಿ ಕೊಟ್ಟಾಗ, ಮೈಕಮ್ಮ ಆ ಚೀಟಿಯನ್ನು ನೋಡಿದಳು, ಗಾಜಿನಾಚೆ ಕುಳಿತಿದ್ದ ಇನ್ನೂರು ಪ್ರಯಾಣಿಕರನ್ನು ನೋಡಿದಳು, ಗಂಟಲು ಸರಿಮಾಡಿಕೊಂಡು 'ಎದೆ ತಪಾಸಣೆ' ಎಂದುಬಿಟ್ಟಳು. ಹೆಂಗಸರಿಗೆ ಎನ್ನುವುದನ್ನೂ ನುಂಗಿಕೊಂಡಳು.

ಆ ಬೆಳಗ್ಗೆ ಗಂಡಸರನ್ನೆಲ್ಲ ವಾಪಸು ಕಳಿಸುವಷ್ಟರಲ್ಲಿ ಸಿಸ್ಟರ್‌ಗೆ ಸಾಕುಸಾಕಾಯಿತು. ಹೆಂಗಸರು ಬಂದಿದ್ದು ಇಬ್ಬರೇ. ಅದರಲ್ಲಿ ಒಬ್ಬಳು ದಾರಿ ಕೇಳಲು ಬಂದವಳು.

ಮಧ್ಯಾಹ್ನ ಸಿಸ್ಟರ್ ಗಾಜಿನ ಕೋಣೆಗೆ ಬಂದರು. ಮೈಕಮ್ಮ ತಲೆ ಎತ್ತಲಿಲ್ಲ.

"ಬೈಬೇಡಿ ಸಿಸ್ಟರ್. ಆ ಮಾತು ಬಾಯಿಗೆ ಬರ್ಲಿಲ್ಲ."

"ಬೈಯೋಕೆ ನನಗೇನು ಹಕ್ಕಿದೆ ಅಕ್ಕಾ? ನಮ್ಮ ಬಾಗಿಲಿಗೆ ಅಂಟಿಸಿರೋ ಕಾಗದದಲ್ಲಿ ನಾನೂ 'ಎದೆ' ಅಂತಲೇ ಬರ್ದಿದ್ದೀನಿ. ಬರೆಯೋಕೆ ನಾಚಿಕೆ ಆಯ್ತು. ನಾನು ಓದಿರೋದೇ ಇದನ್ನ, ನನಗೇ ನಾಚಿಕೆ. ಇನ್ನು ಬೇರೆಯವರು ಬಂದು ತೋರಿಸ್ಕೊಳ್ಳಿ ಅಂದ್ರೆ ಹೇಗೆ ಬರ್ತಾರೆ?" ಸಿಸ್ಟರ್ ಪಕ್ಕದ ಸ್ಟೂಲಿನ ಮೇಲೆ ಕುಳಿತರು. "ಡಾಕ್ಟರ್ ಇನ್ನೆರಡು ದಿನ ಕೊಟ್ಟಿದ್ದಾರೆ. ಇನ್ನೊಂದು ಸಲ ಹೇಳಿ ನೋಡೋಣ. ಗಂಟು ಇದ್ರೆ ಬನ್ನಿ, ಏನೂ ಇಲ್ಲದಿದ್ರೂ ಬನ್ನಿ, ಅಷ್ಟೇ ಹೇಳೋದು."

ಗಂಟು ಎನ್ನುವ ಮಾತು ಮೈಕಮ್ಮನಿಗೆ ಇಷ್ಟವಾಯಿತು. ಅದನ್ನು ಹೇಳುವುದಕ್ಕೆ ನಾಚಿಕೆ ಇಲ್ಲ. ಸಿಸ್ಟರ್ ಆಚೆ ಹೋದ ಕೂಡಲೇ ಧೈರ್ಯ ತಂದುಕೊಂಡು ಮೈಕು ಹಾಕಿದಳು.

"ಪ್ರಯಾಣಿಕರ ಗಮನಕ್ಕೆ. ಗಂಟು ಇರುವ ಮಹಿಳೆಯರು ನಾಚಿಕೆ ಪಡದೆ ಬಂದು ತಪಾಸಣೆ ಮಾಡಿಸಿಕೊಳ್ಳಬೇಕು. ಗಂಟು ಚಿಕ್ಕದಾಗಿದ್ದರೂ ನಿರ್ಲಕ್ಷ್ಯ ಮಾಡಬಾರದು."

ಗಂಟು ಮೂಟೆ ಹೊತ್ತುಕೊಂಡವರು ಬಸ್ ನಿಲ್ದಾಣದಲ್ಲಿ ಕಡಿಮೆಯೇ? ಐದೇ ನಿಮಿಷದಲ್ಲಿ ಹನ್ನೊಂದು ಹೆಂಗಸರು ಬಟ್ಟೆ ಗಂಟು, ಪಾತ್ರೆ ಗಂಟು, ಹಾಸಿಗೆ ಸುರುಳಿ ಎತ್ತಿಕೊಂಡು ಸಾಮಾನು ಕೊಠಡಿಯ ಮುಂದೆ ನಿಂತರು. ಪ್ರಯಾಣಿಕರು ತಮ್ಮ ಸಾಮಾನು ಇಟ್ಟುಹೋಗುವ ಆ ಕೊಠಡಿಯ ಒಡತಿ ಬೇರೆ ಯಾರೂ ಅಲ್ಲ, ಮೈಕಮ್ಮನ ಅತ್ತೆ.

ಅತ್ತೆಗೆ ಐವತ್ತಾರು ವರ್ಷ. ಇಪ್ಪತ್ತು ವರ್ಷದಿಂದ ಆ ಕೌಂಟರಿನ ಹಿಂದೆ ಕುಳಿತು ಪರರ ಚೀಲ ಕಾದವಳು. ಬಿಚ್ಚಿ ತೋರಿಸದೆ ಒಂದು ಕೈಚೀಲವನ್ನೂ ಒಳಗಿಡಲು ಬಿಡುತ್ತಿರಲಿಲ್ಲ. ದೊಡ್ಡ ದೊಡ್ಡ ಅಧಿಕಾರಿಗಳು ಕೂಡ ಅವಳ ಮುಂದೆ ಸೂಟ್‌ಕೇಸು ತೆರೆದು, ಮಡಚಿದ ಬನಿಯನ್ನು ತೋರಿಸಿ ಹೋಗುತ್ತಿದ್ದರು.

"ಏನಿದು ಸಂತೆ?" ಎಂದು ಗುಡುಗಿದಳು.

"ಗಂಟು ತಪಾಸಣೆ ಅಂತಲ್ಲ ಅಮ್ಮಾ. ಬೇಗ ನೋಡಿ ಬಿಡಿ, ಬಸ್ಸಿಗೆ ಹೊತ್ತಾಯ್ತು," ಎಂದು ಮೊದಲನೆಯವಳು ಹಾಸಿಗೆ ಸುರುಳಿಯನ್ನು ಕೌಂಟರಿನ ಮೇಲೆ ಧೊಪ್ಪನೆ ಹಾಕಿದಳು.

ಅತ್ತೆ ಕೊಠಡಿಗೆ ಬೀಗ ಜಡಿದು, ನೇರ ಸೊಸೆಯ ಗಾಜಿನ ಕೋಣೆಗೆ ನುಗ್ಗಿದಳು.

"ಲೇ, ತಲೆ ನೆಟ್ಟಗಿದೆಯೇನೇ ನಿನಗೆ? ಯಾವಳ ಗಂಟನ್ನ ನಾನು ತಪಾಸಣೆ ಮಾಡ್ಬೇಕು? ಬೆಳಗ್ಗೆ ನಿನ್ನ ಗಂಡ ಅಂಗಿ ಬಿಚ್ಕೊಂಡು ಬೀದೀಲಿ ನಿಂತಿದ್ದ. ಈಗ ಇದು! ಮನೆ ಮರ್ಯಾದೆನ ದಿನಕ್ಕೆರಡು ಸಲ ಕಳೀಬೇಕು ಅಂತ ಹರಕೆ ಹೊತ್ತಿದ್ದೀಯಾ?"

"ಆ ಗಂಟಲ್ಲ ಅತ್ತೆ..."

"ಮತ್ಯಾವ ಗಂಟು?"

ಮೈಕಮ್ಮ ಉತ್ತರ ಹೇಳದೆ ತನ್ನ ಎದೆಯ ಕಡೆ ಕಣ್ಣು ಸನ್ನೆ ಮಾಡಿದಳು. "ಅಲ್ಲಿ ಬರೋ ಗಂಟು. ಸಿಸ್ಟರ್ ಹೇಳ್ತಿದ್ರು. ಸುಮಾರು ಗಂಟುಗಳು ಏನೂ ಆಗಿರೋದಿಲ್ವಂತೆ. ಆದ್ರೆ ಕೆಲವು ಕ್ಯಾನ್ಸರ್ ಆಗಿರ್ಬಹುದಂತೆ. ನೋವಿಲ್ಲ ಅಂತ ಸುಮ್ನಿರಬಾರದಂತೆ. ಕ್ಯಾನ್ಸರ್ ಗಂಟು ಎಷ್ಟೋ ಸಲ ಮೊದಮೊದಲು ನೋಯೋದೇ ಇಲ್ವಂತೆ."

ಅತ್ತೆ ಮಾತಾಡಲಿಲ್ಲ.

ಮೈಕಮ್ಮ ಮದುವೆಯಾಗಿ ಬಂದು ಹದಿನಾಲ್ಕು ವರ್ಷವಾಗಿತ್ತು. ಅತ್ತೆ ಹೀಗೆ ಬಾಯಿಗೆ ಬೀಗ ಹಾಕಿಕೊಂಡು ನಿಂತದ್ದನ್ನು ಅವಳು ನೋಡಿಯೇ ಇರಲಿಲ್ಲ. ಜ್ವರ ಬಂದಾಗಲೂ ಅತ್ತೆ ಕನವರಿಸುತ್ತಾ ಯಾರನ್ನೋ ಬೈಯುತ್ತಿದ್ದಳು.

"ಆ ಮೈಕು ಆರಿಸಿದ್ದೀಯಾ?" ಅತ್ತೆ ಮೆಲ್ಲಗೆ ಕೇಳಿದಳು.

"ಆರಿಸಿದ್ದೀನಿ."

"ಇನ್ನೊಂದ್ಸಲ ನೋಡು."

ನೋಡಿದಳು. ಆರಿತ್ತು. ಅತ್ತೆಗೆ ಅಷ್ಟಕ್ಕೂ ನಂಬಿಕೆ ಬರದೆ, ಗೋಡೆಯಿಂದ ಪ್ಲಗ್ಗನ್ನೇ ಕಿತ್ತು ಕೈಯಲ್ಲಿ ಹಿಡಿದುಕೊಂಡಳು.

"ನನಗೆ ಒಬ್ಬಳು ಗೆಳತಿ ಇದ್ದಾಳೆ," ಎಂದಳು.

"ಯಾರು ಅತ್ತೆ?"

"ನಿನಗೆ ಗೊತ್ತಿಲ್ಲದವಳು. ಅವಳಿಗೆ ಎಡಗಡೆ, ಕಂಕುಳ ಹತ್ರ, ಕಡಲೆಕಾಳಿನಷ್ಟು ಸಿಗುತ್ತಂತೆ ಕೈಗೆ. ಸ್ನಾನ ಮಾಡೋವಾಗ ಸಿಕ್ತಂತೆ. ನೋವಿಲ್ಲ, ಏನಿಲ್ಲ. ಮೂರು ತಿಂಗಳಾಯ್ತಂತೆ."

"ನಿಮ್ಮ ಗೆಳತಿಗೆ ಎಷ್ಟು ವರ್ಷ?"

"ನನ್ನಷ್ಟೇ."

"ಏನು ಕೆಲಸ ಮಾಡ್ತಾರೆ?"

"ಅದೇ... ಸಾಮಾನು... ಅಂಗಡಿ," ಎಂದ ಅತ್ತೆ ಸಿಟ್ಟಾದಳು. "ಕೆಲಸ ಕಟ್ಕೊಂಡು ನಿನಗೇನೇ?"

ಮೈಕಮ್ಮನಿಗೆ ಅರ್ಥವಾಯಿತು. ಅಳು ಬಂತು. ಅತ್ತರೆ ಅತ್ತೆ ಹೊರಟು ಹೋಗುತ್ತಾಳೆ, ಇನ್ನು ಜನ್ಮದಲ್ಲಿ ಆ ವಿಷಯ ಎತ್ತುವುದಿಲ್ಲ ಎಂದು ಗೊತ್ತಿತ್ತು. ಅಳುವನ್ನು ನುಂಗಿಕೊಂಡಳು.

"ನಿಮ್ಮ ಗೆಳತಿ ಯಾರಿಗೂ ತೋರಿಸಿಲ್ವಾ ಅತ್ತೆ?"

"ಯಾಕೆ ತೋರಿಸ್ತಾಳೆ? ಗಂಡಸು ಡಾಕ್ಟ್ರು ಇದ್ರೆ? ಸೂಜಿ ಚುಚ್ಚಿದ್ರೆ ಕೆರಳಿ ಮೈಯೆಲ್ಲ ಹರಡುತ್ತೆ ಅಂತಾರೆ. ಅಲ್ಲದೆ, ಏನೋ ಇದೆ ಅಂತ ಗೊತ್ತಾಗ್ಬಿಟ್ರೆ? ಗೊತ್ತಿಲ್ಲದಿದ್ರೆ ನೆಮ್ಮದಿಯಾಗಿ ಇರ್ತಾಳೆ."

"ಮೂರು ತಿಂಗಳಿಂದ ನೆಮ್ಮದಿಯಾಗಿದ್ದಾರಾ?"

ಅತ್ತೆ ಪ್ಲಗ್ಗನ್ನು ಕೈಯಲ್ಲಿ ತಿರುಗಿಸುತ್ತಾ ನಿಂತಳು. "ಇಲ್ಲ," ಎಂದಳು.

"ಸೂಜಿ ಚುಚ್ಚಿದ್ರೆ ಹರಡುತ್ತಾ ಇಲ್ವಾ ಅಂತ ನನಗೆ ಗೊತ್ತಿಲ್ಲ ಅತ್ತೆ. ಗೊತ್ತಿರೋರನ್ನ ಕೇಳೋಣ. ನೀವೇ ಹೋಗಿ ನಿಮ್ಮ ಗೆಳತಿ ಪರವಾಗಿ ಕೇಳ್ಕೊಂಡು ಬನ್ನಿ. ಕೇಳೋದಕ್ಕೇನು?"

"ಕೇಳೋದಕ್ಕೇನಿಲ್ಲ," ಎಂದು ಅತ್ತೆ ಒಪ್ಪಿಕೊಂಡಳು. "ನಾಳೆ ನೋಡೋಣ." ಪ್ಲಗ್ಗು ಕೈಯಲ್ಲೇ ಇದೆ ಎನ್ನುವುದನ್ನು ಮರೆತು ಹೊರಟಳು. ಬಾಗಿಲ ಹತ್ತಿರ ವೈರು ಜಗ್ಗಿ, ಮೈಕೂ ಅವಳ ಹಿಂದೆಯೇ ಹೊರಟಿತು.

ಮನೆಗೆ ಹೋಗುವ ದಾರಿಯುದ್ದಕ್ಕೂ ಮೈಕಮ್ಮನಿಗೆ ಒಂದೇ ಯೋಚನೆ. ಎದೆ ಎಂದೆ, ಗಂಡಸರು ಬಂದರು. ಗಂಟು ಎಂದೆ, ಹಾಸಿಗೆ ಸುರುಳಿ ಬಂತು. ನಗುವವರು ನಕ್ಕರು. ಆದರೆ ಒಂದೇ ಸೂರಿನ ಕೆಳಗಿದ್ದ ಅತ್ತೆ ಮೂರು ತಿಂಗಳು ಒಬ್ಬಳೇ ಹೆದರಿಕೊಂಡು ಕೂತಿದ್ದಳು. ಇನ್ನು ಆ ಇನ್ನೂರು ಜನರಲ್ಲಿ ಎಷ್ಟು ಮಂದಿ ಹೀಗೆ ಇದ್ದಾರೋ! ನೆಟ್ಟಗೆ ಒಂದು ಮಾತು ಹೇಳಿದ್ದರೆ ಅವರಲ್ಲಿ ಒಬ್ಬಳಾದರೂ ಬರುತ್ತಿದ್ದಳಲ್ಲ.

ಮರುದಿನ ಬೆಳಗ್ಗೆ ಎಂಟೂವರೆಗೆ, ನಿಲ್ದಾಣ ಗಿಜಿಗುಡುತ್ತಿದ್ದ ಹೊತ್ತಿಗೆ, ಮೈಕಮ್ಮ ಮೈಕು ಹಾಕಿದಳು. ಬಸ್ಸಿನ ಹೆಸರು ಹೇಳುವ ಅದೇ ದನಿಯಲ್ಲಿ ಶುರುಮಾಡಿದಳು.

"ಪ್ರಯಾಣಿಕ ಮಹಿಳೆಯರ ಗಮನಕ್ಕೆ. ಎದುರಿನ ಆರೋಗ್ಯ ಕೇಂದ್ರದಲ್ಲಿ ಇಂದು ಮತ್ತು ನಾಳೆ ಸ್ತನ ಕ್ಯಾನ್ಸರ್ ತಪಾಸಣೆ ಇದೆ. ಸ್ತನ. ಸರಿಯಾಗಿಯೇ ಕೇಳಿಸಿಕೊಂಡಿರಿ. ಪರೀಕ್ಷೆ ಮಾಡುವವರು ಹೆಂಗಸರು. ಪರದೆ ಇದೆ, ಬಾಗಿಲಿಗೆ ಚಿಲಕ ಇದೆ. ಹತ್ತು ನಿಮಿಷದ ಕೆಲಸ. ಸ್ತನದಲ್ಲಿ ಅಥವಾ ಕಂಕುಳಲ್ಲಿ ಗಂಟು ಸಿಕ್ಕಿದ್ದರೆ, ನೋವಿಲ್ಲ ಎಂದು ಸುಮ್ಮನಿರಬೇಡಿ. ಬಟ್ಟೆ ಗಂಟು ತರಬೇಡಿ."

ಟೀ ಮಾರುವವನು ಲೋಟ ತುಂಬಿ ಹರಿಯುತ್ತಿದ್ದರೂ ಸುರಿಯುತ್ತಲೇ ಇದ್ದ. ನಿಲ್ದಾಣದ ಮೇಲ್ವಿಚಾರಕರು ಕನ್ನಡಕ ಕೈಯಲ್ಲಿ ಹಿಡಿದು ಓಡಿಬಂದರು.

"ಏನಮ್ಮಾ ಇದು! ಸಾರ್ವಜನಿಕ ಜಾಗ! ಇಂಥ ಮಾತನ್ನ ಮೈಕಲ್ಲಿ ಹೇಳೋದಾ?"

"ಯಾವ ಮಾತು ಸಾರ್?"

"ಅದೇ... ಆ ಮಾತು."

"ನಿಮಗೂ ಹೇಳೋಕಾಗ್ತಿಲ್ಲ ನೋಡಿ. ನನಗೂ ಮೊನ್ನೆ ಆಗ್ಲಿಲ್ಲ. ಅದಕ್ಕೇ ಮೂವತ್ತೇಳು ಗಂಡಸರು ಬಂದ್ರು." ಮೈಕಮ್ಮ ಮೈಕನ್ನು ಪಕ್ಕಕ್ಕೆ ಸರಿಸಿದಳು. "ನಿಮ್ಮನೇಲಿ ಹೆಂಗಸರು ಇದ್ದಾರಲ್ಲ ಸಾರ್? ಅವರು ತೋರಿಸ್ಕೊಂಡಿದ್ದಾರಾ?"

ಮೇಲ್ವಿಚಾರಕರು ಕನ್ನಡಕ ಹಾಕಿಕೊಂಡರು, ತೆಗೆದರು, ಒರೆಸಿದರು. ಬಂದ ದಾರಿಯಲ್ಲೇ ವಾಪಸು ಹೋದರು. ಹನ್ನೊಂದು ಗಂಟೆಗೆ ಅವರ ಹೆಂಡತಿ ಆರೋಗ್ಯ ಕೇಂದ್ರದ ಸಾಲಿನಲ್ಲಿ ನಿಂತಿದ್ದರು.

ಆ ಹೊತ್ತಿಗೆ ಸಾಲಿನಲ್ಲಿ ಹೆಂಗಸರೇ ನಲವತ್ತು ಜನ. ಸಿಸ್ಟರ್ ಬಾಗಿಲ ಮೇಲಿನ ಕಾಗದ ಹರಿದು, ದಪ್ಪ ಅಕ್ಷರದಲ್ಲಿ ಹೊಸದು ಬರೆದು ಅಂಟಿಸಿದ್ದರು.

ಮಧ್ಯಾಹ್ನ ಸಾಲು ಕರಗಿದ ಮೇಲೆ ಅತ್ತೆ ಒಳಗೆ ಹೋದಳು. ಜೊತೆಗೆ ಮೈಕಮ್ಮ. ಸಿಸ್ಟರ್ ಚಿಲಕ ಹಾಕಿ, ಪರದೆ ಎಳೆದರು.

"ನಾನು ನನ್ನ ಗೆಳತಿಗೋಸ್ಕರ ಬಂದಿದ್ದು," ಎಂದು ಅತ್ತೆ ಮೊದಲೇ ಹೇಳಿದಳು.

ಸಿಸ್ಟರ್ ಮೈಕಮ್ಮನ ಮುಖ ನೋಡಿದರು. ಮೈಕಮ್ಮ ಗೋಡೆ ನೋಡಿದಳು. ಸಿಸ್ಟರ್‌ಗೆ ಅರ್ಥವಾಯಿತು.

"ಸಂತೋಷ ಅಮ್ಮಾ. ಗೆಳತಿಗೋಸ್ಕರ ಇಷ್ಟು ಮಾಡೋರು ಎಷ್ಟು ಜನ ಸಿಗ್ತಾರೆ? ಕೇಳಿ, ಏನು ಕೇಳ್ಬೇಕು?"

"ಸೂಜಿ ಚುಚ್ಚಿದ್ರೆ ಹರಡುತ್ತಾ?"

"ಇಲ್ಲಮ್ಮಾ. ಆ ಭಯ ತುಂಬಾ ಜನಕ್ಕಿದೆ. ಗಂಟು ಎಂಥದು ಅಂತ ತಿಳಿಯೋಕೆ ಸೂಜಿ ಪರೀಕ್ಷೆ ಬೇಕಾಗುತ್ತೆ. ಅದರಿಂದ ಕಾಯಿಲೆ ಹೆಚ್ಚಾಗೋದಿಲ್ಲ. ಸುಮ್ನೆ ಬಿಟ್ಕೊಂಡು ಕೂತ್ರೆ ಹೆಚ್ಚಾಗುತ್ತೆ."

"ಅವಳು ಯಾವಾಗ್ಲೋ ಬಿದ್ದು ಪೆಟ್ಟು ಮಾಡ್ಕೊಂಡಿದ್ಲು. ಅದಕ್ಕೆ ಬಂತಾ? ಏನಾದ್ರೂ ತಪ್ಪು ಮಾಡಿದ್ಲಾ?"

"ಪೆಟ್ಟಿನಿಂದ ಕ್ಯಾನ್ಸರ್ ಬರಲ್ಲ. ಒಬ್ಬರಿಂದ ಒಬ್ಬರಿಗೆ ಅಂಟೋದೂ ಇಲ್ಲ. ಯಾರ ತಪ್ಪೂ ಇಲ್ಲ ಇದರಲ್ಲಿ." ಸಿಸ್ಟರ್ ಮಂಚದ ಮೇಲಿನ ಬಟ್ಟೆ ಸರಿಮಾಡಿದರು. "ಒಂದು ಮಾತು ಅಮ್ಮಾ. ಪರೀಕ್ಷೆ ಹೇಗೆ ಮಾಡ್ತಾರೆ ಅಂತ ನೀವೇ ನೋಡ್ಕೊಂಡು ಹೋದ್ರೆ, ಗೆಳತಿಗೆ ಹೇಳೋಕೆ ಸುಲಭ ಅಲ್ವಾ? ಬೇಡ ಅನಿಸಿದ ಕೂಡಲೇ ಬೇಡ ಅನ್ನಿ, ನಿಲ್ಲಿಸ್ತೀನಿ."

ಅತ್ತೆ ಚಿಲಕ ಬಿದ್ದಿದೆಯೇ ಎಂದು ಎಳೆದು ನೋಡಿದಳು. "ಅವಳಿಗೋಸ್ಕರ," ಎಂದು ಮಂಚದ ಮೇಲೆ ಮಲಗಿದಳು.

"ಈಗ ಗೆಳತಿ ಎಡಗೈ ತಲೆ ಹಿಂದಕ್ಕೆ ಇಟ್ಕೊಬೇಕು," ಎಂದರು ಸಿಸ್ಟರ್. ಅತ್ತೆ ಇಟ್ಟುಕೊಂಡಳು. "ನನ್ನ ಕೈ ಸ್ವಲ್ಪ ತಣ್ಣಗಿದೆ, ಗೆಳತಿ ಬೈಬಾರದು."

"ಬೈಯಲ್ಲ. ಪಾಪದವಳು ಅವಳು."

ಮೈಕಮ್ಮ ಪರದೆಯ ಆಚೆ ನಿಂತು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನಗುತ್ತಿದ್ದಾಳೋ ಅಳುತ್ತಿದ್ದಾಳೋ ಅವಳಿಗೇ ತಿಳಿಯಲಿಲ್ಲ.

ಸಿಸ್ಟರ್‌ನ ಬೆರಳುಗಳು ಸುತ್ತಿ ಸುತ್ತಿ ಬಂದು ಕಂಕುಳ ಹತ್ತಿರ ನಿಂತವು. ಮತ್ತೆ ಅದೇ ಜಾಗಕ್ಕೆ ಬಂದವು. ಪರೀಕ್ಷೆ ಮುಗಿಸಿ, ಅತ್ತೆ ಬಟ್ಟೆ ಸರಿಮಾಡಿಕೊಂಡು ಕೂರುವವರೆಗೂ ಕಾದು, ಸಿಸ್ಟರ್ ಎದುರಿಗೆ ಕುರ್ಚಿ ಎಳೆದುಕೊಂಡರು.

"ಅಮ್ಮಾ, ಈಗ ಗೆಳತಿಯನ್ನ ಮನೆಗೆ ಕಳಿಸೋಣ. ನಾವಿಬ್ಬರೇ ಮಾತಾಡೋಣ. ನಿಮಗೊಂದು ಗಂಟಿದೆ. ಏನು ಅಂತ ನನಗೆ ಗೊತ್ತಿಲ್ಲ. ಗೊತ್ತಿದೆ ಅಂತ ಸುಳ್ಳು ಹೇಳಲ್ಲ, ಏನೂ ಇಲ್ಲ ಅಂತಲೂ ಹೇಳಲ್ಲ. ದೊಡ್ಡಾಸ್ಪತ್ರೆಯಲ್ಲಿ ಫೋಟೊ ತೆಗೀತಾರೆ, ಸೂಜಿ ಪರೀಕ್ಷೆ ಮಾಡ್ತಾರೆ. ಚೀಟಿ ಬರೆದು ಕೊಡ್ತೀನಿ, ನಾಳೇನೇ ಹೋಗಿ."

"ನಾನು ಸಾಯ್ತೀನಾ?" ಅತ್ತೆ ಕೇಳಿದಳು. ಇಪ್ಪತ್ತು ವರ್ಷ ಊರನ್ನೆಲ್ಲ ಗದರಿಸಿದ ದನಿ ಎಳೆಮಗುವಿನ ದನಿಯಾಗಿತ್ತು.

ಸಿಸ್ಟರ್ ಅವಳ ಕೈ ಹಿಡಿದುಕೊಂಡರು. "ಕ್ಯಾನ್ಸರ್ ಅಲ್ದೇನೂ ಇರ್ಬಹುದು. ಆಗಿದ್ರೂ, ಚಿಕ್ಕದಿರೋವಾಗ ಸಿಕ್ಕಿದ್ರೆ ಚಿಕಿತ್ಸೆ ಇದೆ, ವಾಸಿಯಾದವರು ಬೇಕಾದಷ್ಟು ಜನ ಇದ್ದಾರೆ. ನೀವು ಒಬ್ಬರೇ ಹೋಗ್ಬೇಡಿ. ಮಗನಿಗೆ ಹೇಳಿ."

ಮಗನಿಗೆ ಹೇಳುವುದೇ ಕಷ್ಟವಾಯಿತು. ವಿಷಯ ಕೇಳಿದ ಮೆಕ್ಯಾನಿಕ್ ಎದ್ದು ಅಂಗಳಕ್ಕೆ ಹೋಗಿ, ತನ್ನ ಸ್ಪ್ಯಾನರುಗಳನ್ನೆಲ್ಲ ಒಂದೊಂದಾಗಿ ಒರೆಸಿಟ್ಟ. ಆಮೇಲೆ ಒಳಗೆ ಬಂದು, "ಅಮ್ಮಾ, ಮೂರು ತಿಂಗಳು ನನಗ್ಯಾಕೆ ಹೇಳ್ಲಿಲ್ಲ?" ಎಂದ.

"ನಿನಗೇನಂತ ಹೇಳ್ಲೋ? ಗಂಡು ಮಗನ ಹತ್ರ ಹೇಳೋ ಮಾತೇನೋ ಅದು?"

"ಬಸ್ಸಲ್ಲಿ ಸಣ್ಣ ಸದ್ದು ಬಂದ್ರೂ ಡ್ರೈವರು ಓಡಿಬಂದು ಹೇಳ್ತಾನೆ. ನೀನು ನನ್ನ ಅಮ್ಮ," ಎಂದವನು ಅವಳ ಪಕ್ಕದಲ್ಲೇ ಕುಳಿತುಬಿಟ್ಟ.

ಮರುದಿನ ಮೂವರೂ ದೊಡ್ಡಾಸ್ಪತ್ರೆಗೆ ಹೋದರು. ಅಲ್ಲಿ ಎರಡು ಹಲಗೆಯ ನಡುವೆ ಒತ್ತಿ ಫೋಟೊ ತೆಗೆದರು. ಅದಕ್ಕೆ ಮ್ಯಾಮೊಗ್ರಾಮ್ ಎನ್ನುತ್ತಾರೆ. "ನೋವಾಯ್ತಾ ಅತ್ತೆ?" ಎಂದು ಸೊಸೆ ಕೇಳಿದರೆ, "ಬಸ್ಸಿನ ಬಾಗಿಲಿಗೆ ಸಿಕ್ಕಿಹಾಕ್ಕೊಂಡ ಹಾಗಾಯ್ತು. ಆದ್ರೆ ಕಂಡಕ್ಟರು ಒಳ್ಳೆಯವಳು, ಬೇಗ ಬಿಡಿಸಿದ್ಲು," ಎಂದಳು. ಸೂಜಿ ಪರೀಕ್ಷೆಯೂ ಆಯಿತು. ಫಲಿತಾಂಶ ಬರಲು ಎಂಟು ದಿನ. ಆ ಎಂಟು ದಿನ ಅತ್ತೆ ಸಾಮಾನು ಕೊಠಡಿಯಲ್ಲಿ ಯಾರ ಚೀಲವನ್ನೂ ಬಿಚ್ಚಿಸಲಿಲ್ಲ. ಜನ ಗಾಬರಿಯಾಗಿ ತಾವೇ ಬಿಚ್ಚಿ ತೋರಿಸಿ ಹೋದರು.

ಒಂಬತ್ತನೆಯ ದಿನ ಡಾಕ್ಟರಮ್ಮ ಮೂವರನ್ನೂ ಕೂರಿಸಿ, ತಡಮಾಡದೆ ಹೇಳಿದರು. "ಕ್ಯಾನ್ಸರೇ. ಆದರೆ ಚಿಕ್ಕದು. ಬೇರೆಲ್ಲೂ ಹರಡಿದ ಗುರುತು ಕಾಣ್ತಿಲ್ಲ. ಆಪರೇಷನ್ ಮಾಡೋಣ, ಆಮೇಲೆ ಔಷಧಿ. ನಿಧಾನವಾಗಿ ಯೋಚಿಸಿ, ಏನು ಬೇಕಾದ್ರೂ ಕೇಳಿ."

"ಇನ್ನೂ ಬಚ್ಚಿಟ್ಕೊಂಡಿದ್ದಿದ್ರೆ?" ಅತ್ತೆ ಕೇಳಿದಳು.

"ಇನ್ನೊಂದು ವರ್ಷ ಬಚ್ಚಿಟ್ಕೊಂಡಿದ್ದಿದ್ರೆ, ಇವತ್ತು ನಾನು ಹೀಗೆ ಧೈರ್ಯವಾಗಿ ಮಾತಾಡೋಕೆ ಆಗ್ತಿರಲಿಲ್ವೇನೋ."

ಆಪರೇಷನ್ ಆಯಿತು. ಔಷಧಿಗೆ ಕೂದಲು ಉದುರಿತು, ಬಾಯಿ ರುಚಿ ಕೆಟ್ಟಿತು, ದಿನಗಟ್ಟಲೆ ಅತ್ತೆ ಗೋಡೆಯ ಕಡೆ ತಿರುಗಿ ಮಲಗಿದಳು. ಸುಲಭವಾಗಿತ್ತು ಎಂದರೆ ಸುಳ್ಳಾದೀತು. ಆದರೆ ಒಂದು ಬೆಳಗ್ಗೆ ಅಡುಗೆಮನೆಯಿಂದ, "ಈ ಡಬ್ಬಿ ಮುಚ್ಚಳ ಯಾರು ಸರಿಯಾಗಿ ಹಾಕಿಲ್ಲ?" ಎಂಬ ಗುಡುಗು ಕೇಳಿಬಂತು. ಹಾಸಿಗೆಯಲ್ಲಿದ್ದ ಮೆಕ್ಯಾನಿಕ್ ಎದ್ದು ಕುಳಿತು ಹೆಂಡತಿಯ ಮುಖ ನೋಡಿದ. ಇಬ್ಬರೂ ನಕ್ಕರು. ಬೈಗುಳ ಕೇಳಿ ಅಷ್ಟು ಸಂತೋಷ ಅವರಿಗೆ ಹಿಂದೆಂದೂ ಆಗಿರಲಿಲ್ಲ.

ಆ ತಪಾಸಣೆಯಲ್ಲಿ ದೊಡ್ಡಾಸ್ಪತ್ರೆಗೆ ಹೋದವರು ಒಟ್ಟು ನಾಲ್ವರು. ಮೂವರದು ಏನೂ ತೊಂದರೆಯಿಲ್ಲದ ಗಂಟು. ಅವರು ನಿಶ್ಚಿಂತೆಯಾಗಿ ಮನೆಗೆ ಬಂದರು. ಮೆಕ್ಯಾನಿಕ್ ಮಾತ್ರ ಈಗ ವಿಚಿತ್ರ ಮನುಷ್ಯನಾಗಿದ್ದಾನೆ. ಬ್ರೇಕು ನೋಡು ಎಂದು ಬಂದ ಡ್ರೈವರನ್ನು, "ಹೆಂಡ್ತಿನ ತಪಾಸಣೆಗೆ ಕಳಿಸಿದ್ಯಾ? ಅಮ್ಮನ್ನ?" ಎಂದು ಕೇಳದೆ ಬಸ್ಸಿನ ಕೆಳಗೆ ತೂರುವುದಿಲ್ಲ.

ಅತ್ತೆ ಕೆಲಸಕ್ಕೆ ವಾಪಸಾದ ಮೊದಲ ವಾರ, ಮೈಕಮ್ಮನ ಗಾಜಿನ ಕೋಣೆಗೆ ಬಂದು ಬಾಗಿಲಲ್ಲೇ ನಿಂತಳು.

"ಲೇ, ಊರಿಗೆಲ್ಲ ಕೂಗಿ ಕೂಗಿ ಹೇಳ್ದೆ. ನೀನು ತೋರಿಸ್ಕೊಂಡ್ಯಾ?"

"ಅದು... ಕೆಲಸ ಜಾಸ್ತಿ ಇತ್ತು ಅತ್ತೆ. ನನಗೇನೂ ಇಲ್ವಲ್ಲ..."

"ಏನೂ ಇಲ್ಲ ಅಂತ ಯಾರು ಹೇಳಿದ್ರು? ನಿನ್ನ ಗೆಳತೀನಾ?"

ಐದು ನಿಮಿಷದ ಬಳಿಕ ಅತ್ತೆ ಸೊಸೆಯ ಕೈ ಹಿಡಿದು ರಸ್ತೆ ದಾಟಿಸುತ್ತಿದ್ದಳು. ಆರೋಗ್ಯ ಕೇಂದ್ರದ ಮಂಚದ ಮೇಲೆ ಸೊಸೆಯನ್ನು ಮಲಗಿಸಿ, ತಾನೇ ಪರದೆ ಎಳೆದು, ಕಾವಲಿಗೆ ನಿಂತಳು. ಮೈಕಮ್ಮನಿಗೆ ಏನೂ ಇರಲಿಲ್ಲ. ಸಿಸ್ಟರ್ ಅದನ್ನು ಹೇಳಿದಾಗ ಮೊದಲು ಅತ್ತದ್ದು ಅತ್ತೆ.

ಅಕ್ಕಂದಿರೇ, ಅಮ್ಮಂದಿರೇ, ಈ ಕಥೆ ಓದಿ ನಕ್ಕಿದ್ದರೆ ನಮಗೆ ಸಂತೋಷ. ಈಗ ಒಂದು ನಿಮಿಷ ನಿಮ್ಮ ವಿಷಯಕ್ಕೆ ಬನ್ನಿ. ಸ್ನಾನದ ಹೊತ್ತಿನಲ್ಲೋ ಕನ್ನಡಿಯ ಮುಂದೆಯೋ ನಿಮ್ಮ ಸ್ತನ ಸಾಮಾನ್ಯವಾಗಿ ಹೇಗಿರುತ್ತದೆ ಎಂದು ತಿಳಿದುಕೊಂಡಿರಿ. ಅದರಲ್ಲೋ ಕಂಕುಳಲ್ಲೋ ಹೊಸದಾಗಿ ಗಂಟು ಸಿಕ್ಕರೆ, ಚರ್ಮ ಗುಳಿ ಬಿದ್ದರೆ ಅಥವಾ ದಪ್ಪಗಾದರೆ, ತೊಟ್ಟು ಒಳಕ್ಕೆ ಸೇರಿದರೆ, ತೊಟ್ಟಿನಿಂದ ರಕ್ತ ಅಥವಾ ನೀರು ಬಂದರೆ, ಒಂದು ಬದಿಯ ಆಕಾರ ಬದಲಾದರೆ, ನೋವಿರಲಿ ಇಲ್ಲದಿರಲಿ, ಕೂಡಲೇ ತೋರಿಸಿ. ಇದ್ಯಾವುದೂ ಇಲ್ಲದಿದ್ದರೂ, ನಿಮ್ಮ ವಯಸ್ಸಿಗೆ ಯಾವ ತಪಾಸಣೆ ಬೇಕು, ಎಷ್ಟು ವರ್ಷಕ್ಕೊಮ್ಮೆ ಬೇಕು ಎಂದು ಹತ್ತಿರದ ಆರೋಗ್ಯ ಕೇಂದ್ರದಲ್ಲಿ ಕೇಳಿ. ತಾಯಿಗೋ ಅಕ್ಕತಂಗಿಗೋ ಈ ಕಾಯಿಲೆ ಬಂದಿದ್ದರೆ ಅದನ್ನೂ ಮರೆಯದೆ ಹೇಳಿ. ಗೆಳತಿಗೋಸ್ಕರ ಬಂದೆ ಎಂದರೂ ಅಲ್ಲಿ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ.

ಅಣ್ಣಂದಿರೇ, ಗಂಡಸರಿಗೂ ಅಪರೂಪವಾಗಿ ಇದು ಬರುತ್ತದೆ. ನಿಮ್ಮ ಎದೆಯಲ್ಲಿ ಗಂಟು ಕಂಡರೆ ನೀವೂ ತೋರಿಸಿ. ಬರೀ ಕೆಮ್ಮಾದರೆ ಪಕ್ಕದ ಸಾಲಿನಲ್ಲಿ ನಿಲ್ಲಿ. ಇವತ್ತು ಮನೆಗೆ ಹೋದ ಮೇಲೆ ನಿಮ್ಮ ಮನೆಯ ಹೆಂಗಸರನ್ನು ಒಂದು ಮಾತು ಕೇಳಿ, "ತೋರಿಸ್ಕೊಂಡ್ಯಾ?" ಅಂತ. ಇಲ್ಲ ಅಂದರೆ, ಜೊತೆಗೆ ಹೋಗಿ.